ಬೆನ್ನು ಒಣಗಲಿ ಅಂತ ನಲವತ್ತು ನಿಮಿಷ

ಮೃಗಾಲಯದ ಪಿಗ್ಮಿ ಹಿಪ್ಪೊ, ಅಂದರೆ ಕುಳ್ಳ ಜಾತಿಯ ನೀರಾನೆ, ಅದರ ಫೋಟೊ ಶೂಟ್‌ಗೆ ನಮ್ಮ ಫೋಟೊ ಡೆಸ್ಕ್‌ನವರು ಕೊಟ್ಟ ಹೊತ್ತು ಬೆಳಿಗ್ಗೆ 11. ಸಂಜೆ ಮೇಲೆ ಚುರುಕಾಗುವ ಪ್ರಾಣಿ ಅದು, ಆ ಹೊತ್ತಿಗೆ ಗಡದ್ದು ನಿದ್ದೆ. ಕೀಪರ್‌ಗೆ ಒಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು.

ಆದರೆ ದೊಡ್ಡ ತಪ್ಪು ನನ್ನದೇ. ಕೊಳದಿಂದೆದ್ದು ಬಂದು ಮಲಗಿತ್ತು. ಕಪ್ಪು ಬೆನ್ನಿನ ಮೇಲೆ ಬಿಳಿ ಹೊಳಪು, ಹೈಲೈಟ್ ಪೂರ್ತಿ ಬ್ಲೋ, ಅಂದರೆ ವಿವರವೇ ಉಳಿಯದೆ ಬರೀ ಬಿಳಿ. ನೀರು ಆರಲಿ ಅಂತ ಕಾದೆ. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಸುತ್ತಲಿನ ಮಣ್ಣು ಒಣಗಿತು, ಬೆನ್ನು ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಕೊನೆಗೆ ಕೀಪರ್ ಬಾಯಿಬಿಟ್ಟರು: "ಅದು ನೀರಲ್ಲ ಸಾರ್, ಮೈಯಿಂದಲೇ ಬರೋದು. ಸಂಜೆವರೆಗೆ ಕಾದ್ರೂ ಆರಲ್ಲ."

ಇದರ ಚರ್ಮದ ಹೊರಪದರ ತೀರಾ ತೆಳು, ಬಿಸಿಲಿಗೆ ಬೇಗ ತೇವ ಕಳೆದುಕೊಳ್ಳುತ್ತೆ. ಗ್ರಂಥಿಗಳಿಂದ ಒಸರುವ ಲೋಳೆಯಂಥ ದ್ರವವೇ ಅದಕ್ಕೆ ರಕ್ಷೆ. ಒಣಗಿ ಬಿರಿದ ಬೆನ್ನು ಕಂಡರೆ ಕೀಪರ್ ಗಾಬರಿಯಾಗಬೇಕು. ನಾನು ಕಾಯುತ್ತಿದ್ದದ್ದು ಅದಕ್ಕೇ!

ಹೊಳಪು ಇರಲಿ, ಎಕ್ಸ್‌ಪೋಷರ್ ಇಳಿಸಿ. ಕಪ್ಪು ಮೈ ಫ್ರೇಮ್ ತುಂಬಿದರೆ ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನು ಬೂದು ಮಾಡುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 1ರಿಂದ ಶುರು, ಹಿಸ್ಟೋಗ್ರಾಮ್ (ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ನಕ್ಷೆ) ನೋಡಿಕೊಂಡು ಮೈನಸ್ 1.7ರವರೆಗೆ. ರಾ ಫೈಲಿನಲ್ಲಿ (ಕ್ಯಾಮೆರಾದ ಸಂಸ್ಕರಿಸದ ಮೂಲ ಚಿತ್ರ) ಕತ್ತಲಾದ ಭಾಗ ಎತ್ತಬಹುದು, ಬ್ಲೋ ಆದದ್ದು ವಾಪಸ್ ಬರಲ್ಲ. ಪೋಲರೈಸರ್ ಫಿಲ್ಟರ್ ಹೊಳಪು ತಗ್ಗಿಸುತ್ತೆ ನಿಜ, ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ನುಂಗುತ್ತೆ, ಹಾಗಾಗಿ ಒಳಕೋಣೆಯಲ್ಲಿ ಬೇಡ. ಗಾಜಿದ್ದರೆ ಲೆನ್ಸಿನ ರಬ್ಬರ್ ಹುಡ್ ಅದಕ್ಕೆ ಒತ್ತಿ ಹಿಡಿಯಿರಿ. ಫ್ಲ್ಯಾಶ್ ಬೇಡವೇ ಬೇಡ. ಮಲಗಿದ್ದಾಗ ಶಟರ್ ವೇಗ ಸೆಕೆಂಡಿನ 1/125 ಸಾಕು, ಕಿವಿ ಒದರುವಾಗ 1/500.

ಅಷ್ಟರಲ್ಲಿ ಎದ್ದು ನನ್ನತ್ತ ಬಾಯಿ ತೆರೆಯಿತು. ಆಕಳಿಕೆ ಅಂದುಕೊಂಡು ಕಟ್ಟೆಯ ಮೇಲೆ ಇನ್ನಷ್ಟು ಬಾಗಿದೆ. ಕೀಪರ್ ಬೆಲ್ಟ್ ಹಿಡಿದು ಹಿಂದಕ್ಕೆಳೆದರು. ನೀರಾನೆಗಳು ಕೋರೆಹಲ್ಲು ತೋರಿಸಿ ಹೆದರಿಸುವ ರೀತಿಯೇ ಅದು. ಮರುಕ್ಷಣ ಕೊಳಕ್ಕಿಳಿಯಿತು. ನನಗೆ ಉಳಿದದ್ದು 400 ಎಂ.ಎಂ. ಟೆಲಿ ಲೆನ್ಸ್‌ನಲ್ಲಿ ತೆಗೆದ ಬಿಗಿ ಮುಖಗಳು ಮಾತ್ರ.

ಅಳತೆಗೆ ಪಕ್ಕದಲ್ಲಿ ಏನೂ ಇಲ್ಲ, ಡೆಸ್ಕ್ ಕ್ಯಾಪ್ಷನ್ ಹಾಕಿತು: "ನೀರಾನೆ ಮರಿ". ಪೂರ್ತಿ ಬೆಳೆದ ಪಿಗ್ಮಿ ಹಿಪ್ಪೊ 180ರಿಂದ 275 ಕೆ.ಜಿ. ತೂಗುತ್ತೆ, ಅದರ ಮರಿ ಹುಟ್ಟುವಾಗ ಐದಾರು ಕೆ.ಜಿ. ಅಷ್ಟೆ. ದೊಡ್ಡ ನೀರಾನೆಗೆ ಕಣ್ಣು ನೆತ್ತಿಯ ಮೇಲೆ ಉಬ್ಬಿರುತ್ತೆ, ಇದಕ್ಕೆ ತಲೆಯ ಪಕ್ಕದಲ್ಲಿ. ಬೆನ್ನು ಮುಂದಕ್ಕೆ ಇಳಿಜಾರು, ಪೊದೆಯಲ್ಲಿ ನುಗ್ಗಲು ಅನುಕೂಲ. ಕಾಲ್ಬೆರಳುಗಳು ಅಗಲವಾಗಿ ಬಿಡಿಸಿಕೊಂಡಿರುತ್ತವೆ. ಇವೆಲ್ಲ ಕಾಣಬೇಕಾದರೆ ಅದರ ಕಣ್ಣಿನ ಮಟ್ಟಕ್ಕೆ ಕುಳಿತು, ಪಕ್ಕದಿಂದ, ಪಾದ ಕತ್ತರಿಸದೆ ಇಡೀ ಮೈ ತೆಗೆಯಬೇಕು. ಮಲಗಿದ್ದಾಗಲಾದರೂ ಎರಡು ಫ್ರೇಮ್ ತೆಗೆದಿಟ್ಟಿದ್ದರೆ!

ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿ, ಐವರಿ ಕೋಸ್ಟ್ ಕಾಡುಗಳಲ್ಲಿ ಉಳಿದಿರುವ ವಯಸ್ಕ ಪ್ರಾಣಿಗಳು 2,000ದಿಂದ 2,500 ಎಂಬುದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಅಂದಾಜು. ಅಲ್ಲಿ ಇವುಗಳ ಚಿತ್ರ ಸಿಗುವುದೂ ಹೆಚ್ಚಾಗಿ ಪ್ರಾಣಿ ಸುಳಿದಾಗ ತಾನೇ ಕ್ಲಿಕ್ಕಿಸುವ ಕ್ಯಾಮೆರಾ ಟ್ರ್ಯಾಪ್‌ನಲ್ಲೇ. ಇಷ್ಟನ್ನೂ ಬರೆದು ತಿದ್ದುಪಡಿ ಕಳಿಸಿದೆ. ನಮ್ಮ ಆರ್ಕೈವ್‌ನಲ್ಲಿ ಈಗಲೂ "ಮರಿ" ಅಂತಲೇ ಇದೆ.