ಬಾಣದ ಗುರುತು ಹಿಂದೆ ಓಡಿದ್ದು ಸಾಕು

ಮೊನ್ನೆ ಒಂದು ಓಪನ್ ವರ್ಲ್ಡ್ ಗೇಮ್, ಅಂದ್ರೆ ದೊಡ್ಡ ಜಗತ್ತಲ್ಲಿ ಎಲ್ಲಿಗ್ ಬೇಕಾದ್ರೂ ಓಡಾಡೋ ಥರದ್ದು, ಮುಗಿಸ್ದೆ. ಹೆಸರು ಬೇಡ ಬಿಡಿ, ಈಚೆಗೆ ಬರ್ತಿರೋ ದೊಡ್ಡ ಬಜೆಟ್ ಗೇಮ್‌ಗಳಲ್ಲಿ ಅರ್ಧಕ್ಕರ್ಧ ಹೀಗೇ ಇರುತ್ವೆ. ಅರವತ್ತು ಗಂಟೆ ಆಡಿದೀನಿ ಅಂತ ಸೇವ್ ಫೈಲ್ ಹೇಳ್ತಿದೆ. ಮುಗಿದ್ಮೇಲೆ ಸುಮ್ನೆ ಒಂದು ಚೇಷ್ಟೆ ಮಾಡ್ದೆ, ಸೆಟ್ಟಿಂಗ್ಸ್‌ಗೆ ಹೋಗಿ ಮಿನಿಮ್ಯಾಪು (ಮೂಲೇಲಿರೋ ಪುಟ್ಟ ನಕ್ಷೆ), ದಾರಿ ತೋರ್ಸೋ ಬಾಣ ಎಲ್ಲಾನೂ ಆಫ್ ಮಾಡಿ ನನ್ನ ಹೀರೋ ಮನೆಗೆ ಕುದುರೆ ಮೇಲೆ ವಾಪಸ್ ಹೋಗಕ್ಕಾಗುತ್ತಾ ನೋಡೋಣ ಅಂತ. ಆಗ್ಲಿಲ್ಲ. ಅರವತ್ತು ಗಂಟೆ ಓಡಾಡಿದ ಜಾಗದಲ್ಲಿ ನನ್ನ ಮನೆ ಯಾವ ದಿಕ್ಕಿಗಿದೆ ಅಂತ ನಂಗೇ ಗೊತ್ತಿಲ್ಲ! ಯಾಕಂದ್ರೆ ಅಷ್ಟು ದಿನ ನಾನು ನೋಡಿದ್ದು ಬೆಟ್ಟ ಗುಡ್ಡ ನದಿ ಅಲ್ಲ, ಸ್ಕ್ರೀನಿನ ಮೂಲೇಲಿರೋ ಬಿಲ್ಲೆಯಷ್ಟಗಲದ ಒಂದು ರೌಂಡು, ಅದರೊಳಗೆ ಒಂದು ಹಳದಿ ಚುಕ್ಕೆ. ನೂರಾರು ಜನ ಕೂತು ವರ್ಷಗಟ್ಲೆ ಮಾಡಿದ ಕಾಡನ್ನ ಬಿಟ್ಟು ಆ ಹಳದಿ ಚುಕ್ಕೆ ನೋಡ್ಕೊಂಡು ಓಡಿದೀನಿ.

ನಾನು ಗೇಮ್ ಆಡಕ್ಕೆ ಶುರು ಮಾಡಿದ್ದು ವಿಂಡೋಸ್‌ಗಿಂತ ಹಳೇ ಡಾಸ್‌ನ ಕಪ್ಪು ಸ್ಕ್ರೀನಲ್ಲಿ 'ಪ್ರಿನ್ಸ್' ಅಂತ ಟೈಪ್ ಮಾಡಿ ಎಂಟರ್ ಒತ್ತೋ ಕಾಲದಲ್ಲಿ. ಹಾಗಂತ ಹಳೇದೆಲ್ಲಾ ಚಿನ್ನ ಅನ್ನೋ ಪೈಕಿ ಅಲ್ಲ ನಾನು. ಹಳೇ ಗೇಮ್‌ಗಳಲ್ಲಿ ಕೊಟ್ಟಿರೋ ಹಿಂಸೆ ನೆನೆಸ್ಕೊಂಡ್ರೆ ಈಗ್ಲೂ ಕೈ ಬೆವರುತ್ತೆ. ಆದ್ರೆ ಇಷ್ಟು ವರ್ಷ ಆಡಿ ಆಡಿ ಒಂದು ವಿಷ್ಯದಲ್ಲಿ ಮಾತ್ರ ಹಠ ಬಂದ್ಬಿಟ್ಟಿದೆ: ಗೇಮ್ ನಂಗೆ ಎಷ್ಟ್ ಬೇಕಾದ್ರೂ ಸಹಾಯ ಮಾಡ್ಲಿ, ಆದ್ರೆ ಮಾಡ್ತಿದೆ ಅಂತ ನಂಗೆ ಗೊತ್ತಾಗ್ಬಾರ್ದು.

ಮಾರೋವಿಂಡ್ ಅಂತ 2002ರ ಗೇಮು, ಆಡಿದೋರಿಗೆ ಗೊತ್ತಿರುತ್ತೆ. ಅದ್ರಲ್ಲಿ ಬಾಣಗೀಣ ಏನೂ ಇಲ್ಲ. ಯಾರೋ ಒಬ್ಬ ಸಿಕ್ಕಿ, ಊರು ದಾಟಿ ಸೇತುವೆ ದಾಟು, ಕೋಟೆ ಹತ್ರ ಬಲಕ್ಕೆ ತಿರುಗು ಅಂತ ಬಾಯಲ್ಲಿ ಹೇಳ್ತಾನೆ, ಅದು ನಿಮ್ಮ ಡೈರಿಗೆ ಬೀಳುತ್ತೆ, ಅಷ್ಟೇ. ಮಿಕ್ಕಿದ್ದು ನಿಮ್ಮ ಹಣೆಬರಹ. ಶುರುನಲ್ಲೇ ಒಂದು ಪಝಲ್ ಬಾಕ್ಸ್ ತರಕ್ಕೆ ಹಳೇ ಪಾಳು ಕೋಟೆಯೊಳಗೆ ಕಳಿಸ್ತಾರೆ, ಅಂಗೈಯಷ್ಟಗಲದ ಪೆಟ್ಟಿಗೆ, ಯಾವುದೋ ಕೋಣೆಯ ಶೆಲ್ಫ್ ಮೇಲೆ ಸುಮ್ನೆ ಕೂತಿರುತ್ತೆ. ನಾನು ಅದ್ರ ಮುಂದೇನೇ ನಾಲ್ಕು ಸಲ ಓಡಾಡಿದೀನಿ. ಅದು ಒಳ್ಳೆ ಡಿಸೈನ್ ಅಂತ ವಾದ ಮಾಡಲ್ಲ, ಆ ಮಟ್ಟಿಗೆ ಶುದ್ಧ ಕಾಟ ಅದು. ಆದ್ರೆ ಆ ಸೇತುವೆ, ಆ ಕೋಟೆ, ಆ ಬೂದಿ ಬಣ್ಣದ ಗುಡ್ಡ ಈಗ್ಲೂ ಕಣ್ಮುಂದೆ ಇದೆ. ಅದೇ ಸರಣಿಯ ಮುಂದಿನ ಗೇಮ್ ಆಬ್ಲಿವಿಯನ್ 2006ರಲ್ಲಿ ಬಂತು, ಕಂಪಾಸ್ ಮೇಲೆ ಎಲ್ಲಿಗೆ ಹೋಗ್ಬೇಕು ಅನ್ನೋ ಗುರುತು ಬಂತು, ದಾರಿ ತಪ್ಪೋದು ನಿಂತ್ಹೋಯ್ತು. ಬೇರೆ ಗೇಮ್‌ಗಳಿಗೂ ಅದೇ ಅಭ್ಯಾಸ ಆಯ್ತು.

ಬಾಣಕ್ಕಿಂತ ಕೆಟ್ಟದ್ದು ಅಂದ್ರೆ ಪಕ್ಕದಲ್ಲಿ ಬರೋ ಗೆಳೆಯ. ಪಝಲ್ ಇರೋ ರೂಮಿಗೆ ಕಾಲಿಟ್ಟು ಸುತ್ತ ಒಂದ್ಸಲ ನೋಡೋಷ್ಟರಲ್ಲಿ "ಆ ಚಕ್ರ ತಿರುಗಿಸಿ ನೋಡೋಣ್ವಾ?" ಅಂತಾನೆ. ಅಯ್ಯೋ ಪುಣ್ಯಾತ್ಮ, ನಾನು ಇನ್ನೂ ಚಕ್ರಾನೇ ನೋಡಿಲ್ಲ ಕಣೋ. ಕೆಲವು ಗೇಮ್‌ಗಳಲ್ಲಿ ಇವನ ಬಾಯಿ ಮುಚ್ಸೋ ಆಪ್ಷನ್ ಕೂಡ ಇರಲ್ಲ. ಟೆಸ್ಟ್ ಮಾಡುವಾಗ ಯಾರೋ ಎಲ್ಲೋ ಸಿಕ್ಕಾಕ್ಕೊಂಡಿರ್ತಾರೆ, ಅದಕ್ಕೆ ಹೆದರಿ ಒಂದು ಡೈಲಾಗ್ ತುರುಕಿರ್ತಾರೆ ಅನ್ಸುತ್ತೆ. ಪಝಲನ್ನ ರಿಪೇರಿ ಮಾಡೋದಕ್ಕಿಂತ ಡೈಲಾಗ್ ಸೇರ್ಸೋದು ಸುಲಭ ಅಲ್ವಾ.

ಹೇಳ್ದೇ ಕಲಿಸೋದು ಹೇಗೆ ಅನ್ನೋದಕ್ಕೆ 1985ರಲ್ಲೇ ಉತ್ತರ ಇತ್ತು. ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲನೇ ಲೆವೆಲ್, ಅದ್ರ ಬಗ್ಗೆ ಎಲ್ರೂ ಮಾತಾಡಿ ಮಾತಾಡಿ ಸವೆದುಹೋಗಿದೆ, ಆದ್ರೂ ಅಣಬೆ ವಿಷ್ಯ ಒಂದು ಹೇಳ್ಬಿಡ್ತೀನಿ. ಶುರುವಾದ ತಕ್ಷಣ ಎದುರಿಗೆ ಗೂಂಬಾ ಅನ್ನೋ ಒಂದು ಪುಟ್ಟ ಶತ್ರು ಬರುತ್ತೆ, ಮುಟ್ಟಿದ್ರೆ ಸಾಯ್ತೀರ, ಸೋ ಎದುರಿಂದ ಬರೋದೆಲ್ಲಾ ಕೆಟ್ಟದ್ದು ಅಂತ ತಲೇಲಿ ಕೂರುತ್ತೆ. ಆಮೇಲೆ ಪ್ರಶ್ನೆ ಚಿಹ್ನೆ ಇರೋ ಬಾಕ್ಸ್‌ಗೆ ತಲೆ ಕುಟ್ಟಿದ್ರೆ ಅಣಬೆ ಹೊರಗ್ ಬರುತ್ತೆ, ಅದೂ ಗೂಂಬಾ ಥರಾನೇ ಓಡಾಡುತ್ತೆ, ಹೆದರ್ಕೊಂಡು ದೂರ ಹೋಗೋಣ ಅಂದ್ರೆ ಅದು ಬಲಕ್ಕೆ ಹೋಗಿ ಕೆಳಗ್ ಬಿದ್ದು ಪೈಪ್‌ಗೆ ಡಿಕ್ಕಿ ಹೊಡ್ದು ವಾಪಸ್ ನಿಮ್ ಕಡೇನೇ ಬರುತ್ತೆ. ಹಾರಿ ತಪ್ಪಿಸ್ಕೊಳ್ಳೋಣ ಅಂದ್ರೆ ಮೇಲೆ ಇಟ್ಟಿಗೆ, ತಲೆ ಬಡ್ಕೊಂಡು ಅದ್ರ ಮೇಲೇ ಬೀಳ್ತೀರ. ಬಿದ್ರೆ ಮಾರಿಯೋ ದೊಡ್ಡೋನಾಗ್ತಾನೆ. ಓ, ಇದು ಒಳ್ಳೇದು! ಒಂದಕ್ಷರ ಬರೆದಿಲ್ಲ ಅಲ್ಲಿ. ಗೇಮ್ ಮಾಡಿದ ಮಿಯಾಮೊಟೊ ಅವರು ಆ ಪೈಪು, ಆ ಇಟ್ಟಿಗೆ ಅಲ್ಲಿಟ್ಟಿದ್ದೇ ಇದಕ್ಕೆ.

ಹಾಫ್ ಲೈಫ್ 2ರಲ್ಲೂ (2004) ಇದೇ ಥರ ಒಂದಿದೆ. ವಸ್ತುಗಳನ್ನ ಎಳೆದು ಎಸೆಯೋ ಗ್ರಾವಿಟಿ ಗನ್ ಕೈಗೆ ಸಿಕ್ಕಿದ್ಮೇಲೆ ರೇವನ್‌ಹೋಮ್ ಅಂತ ದೆವ್ವದ ಊರಿಗೆ ಬರ್ತೀರ. ಅಲ್ಲಿ ಎರಡು ತುಂಡಾಗಿ ಬಿದ್ದಿರೋ ಝಾಂಬಿ, ಪಕ್ಕದಲ್ಲೇ ಸಿಕ್ಕಾಕ್ಕೊಂಡಿರೋ ಗರಗಸದ ಚಕ್ರ. ಗನ್ನಿಂದ ಆ ಚಕ್ರ ಎಳ್ಕೊಂಡ್ರೆ ಸರಿಯಾಗಿ ಆಗ್ಲೇ ಎದುರಿಗೆ ಇನ್ನೊಂದು ಝಾಂಬಿ ಬರುತ್ತೆ. ಬೆರಳು ತಾನಾಗೇ ಒತ್ತುತ್ತೆ. ಇದನ್ನ ನಾನೇ ಕಂಡುಹಿಡ್ದೆ ಅಂತ ಎಷ್ಟೋ ವರ್ಷ ಬೀಗ್ತಿದ್ದೆ ನೋಡಿ.

ಈಗ ಸೆಲೆಸ್ಟ್. 2018ರದ್ದು, ಬೆಟ್ಟ ಹತ್ತೋ ಹುಡುಗಿ ಕತೆ, ಸಾವಿರಾರು ಸಲ ಸಾಯ್ತೀರ, ಉತ್ಪ್ರೇಕ್ಷೆ ಅಲ್ಲ, ನನ್ನ ಲೆಕ್ಕ ಮೂರು ಸಾವಿರ ದಾಟಿತ್ತು. ಹೊರಗಿಂದ ನೋಡೋರಿಗೆ ಕ್ರೂರ ಅನ್ಸುತ್ತೆ, ಆದ್ರೆ ಒಳಗೆ ಅಷ್ಟು ಕರುಣೆ ಇರೋ ಗೇಮ್ ನಾನು ಇನ್ನೊಂದು ನೋಡಿಲ್ಲ. ಅಂಚಿಂದ ಕಾಲು ಜಾರಿ ಗಾಳೀಲಿ ಇದ್ದಾಗ್ಲೂ, ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ಜಂಪ್ ಒತ್ತಿದ್ರೆ ಆಗುತ್ತೆ. ಕಾರ್ಟೂನಲ್ಲಿ ಆ ಕಯೋಟಿ ಬೆಟ್ಟದ ಅಂಚು ದಾಟಿ ಗಾಳೀಲಿ ಓಡ್ತಾನಲ್ಲ, ಅದಕ್ಕೇ ಇದನ್ನ ಕಯೋಟಿ ಟೈಮ್ ಅಂತಾರೆ. ನೆಲ ಮುಟ್ಟೋಕೆ ಸ್ವಲ್ಪ ಮುಂಚೆನೇ ಜಂಪ್ ಒತ್ತಿದ್ರೆ ಗೇಮ್ ಅದನ್ನ ನೆನಪಿಟ್ಕೊಂಡು ನೆಲ ಮುಟ್ಟಿದ ತಕ್ಷಣ ಹಾರಿಸುತ್ತೆ. ಮೂಲೆಗೆ ತಲೆ ತಗುಲಿದ್ರೆ ಒಂಚೂರು ಪಕ್ಕಕ್ಕೆ ಸರಿಸಿ ಮೇಲಕ್ಕೆ ಬಿಡುತ್ತೆ. ಆಡ್ತಿರೋರಿಗೆ ಒಂದೂ ಗೊತ್ತಾಗಲ್ಲ, ಅಬ್ಬಾ ಕೂದಲೆಳೆಯಲ್ಲಿ ಪಾರಾದೆ, ನನ್ನ ಕೈ ಎಷ್ಟ್ ಚುರುಕು ಅಂತ ಖುಷಿ. ನಂಗೆ ಈ ವಿಷ್ಯ ಗೊತ್ತಾದಾಗ ಒಂದು ನಿಮಿಷ ಪೆಚ್ಚಾಯ್ತು. ಆಮೇಲೆ ಯೋಚ್ನೆ ಮಾಡಿದ್ರೆ, ಗೇಮ್ ನೋಡ್ತಿದ್ದಿದ್ದು ನನ್ನ ಬೆರಳು ಯಾವಾಗ ಒತ್ತಿತು ಅಂತಲ್ಲ, ನಾನು ಏನ್ ಮಾಡ್ಬೇಕು ಅಂದ್ಕೊಂಡಿದ್ದೆ ಅಂತ. ಅದಕ್ಕೂ ಕೈಲಾಗ್ದೋರಿಗೆ ಅಸಿಸ್ಟ್ ಮೋಡ್ ಬೇರೆ ಇದೆ, ಸ್ಪೀಡ್ ಅರ್ಧಕ್ಕಿಳಿಸ್ಕೋಬಹುದು. ಅದು ಗೊತ್ತಾಗೋ ಸಹಾಯ ಅಲ್ವಾ ಅಂತ ಕೇಳ್ಬಹುದು. ಹೌದು, ಆದ್ರೆ ಅದನ್ನ ನಾವೇ ಹೋಗಿ ಕೇಳ್ತೀವಿ, ಅದು ತಾನಾಗೇ ಬಂದು ತಲೆ ತಿನ್ನಲ್ಲ.

ಸಿವಿಲೈಸೇಷನ್ ಅನ್ನೋ ಸಾಮ್ರಾಜ್ಯ ಕಟ್ಟೋ ಗೇಮ್ ಮಾಡಿದ ಸಿಡ್ ಮೈಯರ್ 2010ರಲ್ಲಿ ಒಂದು ಭಾಷಣದಲ್ಲಿ ಹೇಳಿದ್ದ ವಿಷ್ಯಾನೂ ಇದೇ ಜಾತಿ: ಎದುರಾಳಿಗಿಂತ ಮೂರು ಪಟ್ಟು ಬಲ ಇದ್ದಾಗ್ಲೂ ಒಂದೊಂದ್ಸಲ ಸೋಲ್ಲೇಬೇಕು, ಗಣಿತ ಹಾಗೇ ಇದೆ, ಆದ್ರೆ ಆಡೋರು ಒಪ್ಪಲ್ವಂತೆ, ಗೇಮ್ ಮೋಸ ಮಾಡ್ತಿದೆ ಅಂತಾರಂತೆ, ಕೊನೆಗೆ ಲೆಕ್ಕಾನೇ ಆಡೋರ ಕಡೆಗೆ ವಾಲಿಸಿದ್ರಂತೆ. ತಮಾಷೆ ಅಂದ್ರೆ ಅದೇ ಜನ ತಮಗಿಂತ ಮೂರು ಪಟ್ಟು ಬಲ ಇರೋರ ಮೇಲೆ ಗೆದ್ದಾಗ ಒಬ್ರೂ ಕಂಪ್ಲೇಂಟ್ ಮಾಡ್ಲಿಲ್ಲ. ನಾನೂ ಮಾಡಿಲ್ಲ.

ಪ್ರಿನ್ಸ್ ಆಫ್ ಪರ್ಷಿಯಾ (1989) ಬಗ್ಗೆ ಹೇಳ್ದೆ ಇದ್ರೆ ನಂಗೆ ನಿದ್ದೆ ಬರಲ್ಲ. ಜೋರ್ಡನ್ ಮೆಕ್ನರ್ ಒಬ್ಬರೇ ಕೂತು, ತಮ್ಮನನ್ನ ಓಡಿಸಿ ಹಾರಿಸಿ ವಿಡಿಯೋ ತೆಗ್ದು, ಅದ್ರ ಮೇಲೆ ಒಂದೊಂದೇ ಫ್ರೇಮ್ ಬಿಡಿಸಿ ಮಾಡಿದ್ದು. ಆಪಲ್ 2 ಕಂಪ್ಯೂಟರಲ್ಲಿ ಮೆಮೊರಿ ಖಾಲಿ, ಇನ್ನೊಬ್ಬ ವಿಲನ್‌ಗೆ ಜಾಗ ಇಲ್ಲ. ಅದಕ್ಕೆ ಹೀರೋ ಚಿತ್ರಾನೇ ಒಂಚೂರು ಸರಿಸಿ ಅದ್ರ ಮೇಲೇ ಮತ್ತೆ ಕೂರಿಸಿ ಒಂದು ನೆರಳು ಮಾಡಿದ್ರು. ನಾಲ್ಕನೇ ಲೆವೆಲಲ್ಲಿ ಕನ್ನಡಿಯೊಳಗಿಂದ ಹಾರಿದಾಗ ಆ ನೆರಳು ಬೇರೆ ಆಗಿ ಓಡುತ್ತೆ, ಆಮೇಲೆ ನಿಮ್ಮ ಎದುರಿಗೇ ಔಷಧಿ ಕುಡಿದು ಹೋಗುತ್ತೆ, ಇನ್ನೊಂದು ಕಡೆ ಬಾಗ್ಲು ಹಾಕಿ ಕೆಳಗ್ ಬೀಳಿಸುತ್ತೆ. ಹನ್ನೆರಡನೇ ಲೆವೆಲಲ್ಲಿ ಕತ್ತಿ ಹಿಡ್ದು ಎದುರಿಗೆ ನಿಲ್ಲುತ್ತೆ.

ಅಲ್ಲಿ ನಾನು ಸಿಕ್ಕಾಕ್ಕೊಂಡಿದ್ದು ಎರಡು ವಾರ. ಅವನಿಗೆ ಒಂದೇಟು ಹೊಡೆದ್ರೆ ನನ್ನ ಜೀವಾನೂ ಒಂದು ಹೋಗುತ್ತೆ. ಬಗ್ ಅಂದ್ಕೊಂಡೆ. ಮೇಲಿಂದ ಅರವತ್ತು ನಿಮಿಷದ ಗಡಿಯಾರ ಬೇರೆ ಓಡ್ತಿರುತ್ತೆ. ಒಂದಿನ ಬೇಜಾರಾಗಿ, ಹೊಡ್ಕೋ ಹೋಗು ಅಂತ ಕೆಳಗಿನ ಬಾಣದ ಕೀ ಒತ್ತಿ ಕತ್ತಿ ಒರೆಗೆ ಹಾಕ್ದೆ. ಅವನೂ ಹಾಕ್ದ! ಮುಂದಕ್ಕೆ ಹೋದೆ, ಅವನೂ ಬಂದ, ಇಬ್ರೂ ಒಂದಾಗ್ಬಿಟ್ವಿ. ಆಮೇಲೆ ಎದುರಿಗೆ ಬರೀ ಖಾಲಿ, ನೆಲಾನೇ ಇಲ್ಲ, ಕಾಲಿಟ್ರೆ ಕಾಲ ಕೆಳಗೆ ಒಂದೊಂದೇ ಕಲ್ಲು ಮೂಡ್ತಾ ಹೋಗುತ್ತೆ. ಕುರ್ಚಿಯಿಂದ ಎದ್ದು ನಿಂತಿದ್ದೆ ನಾನು. ಈಗಿನ ಗೇಮ್ ಆಗಿದ್ರೆ ಅಲ್ಲಿ "ಕತ್ತಿ ಒಳಗಿಡಲು ಕೆಳಗಿನ ಬಾಣ ಒತ್ತಿ" ಅಂತ ದೊಡ್ಡದಾಗಿ ಮಿನುಗ್ತಿತ್ತು, ಬರೆದಿಟ್ಕೊಳ್ಳಿ.

ಹೊಸಾ ಗೇಮ್‌ಗಳಲ್ಲಿ ಮ್ಯಾಪ್ ವಿಷ್ಯದಲ್ಲಿ ಸರಿಯಾಗಿ ಯೋಚ್ನೆ ಮಾಡಿರೋದು ಹಾಲೋ ನೈಟ್ (2017). ಹೊಸ ಜಾಗಕ್ಕೆ ಹೋದ್ರೆ ಮ್ಯಾಪೇ ಇರಲ್ಲ. ಕತ್ತಲಲ್ಲಿ ತಡವರಿಸ್ತಾ ಹೋಗ್ಬೇಕು, ಎಲ್ಲೋ ದೂರದಲ್ಲಿ ಯಾರೋ ಗುನುಗೋದು ಕೇಳುತ್ತೆ, ನೆಲದ ಮೇಲೆ ಹಾಳೆಗಳು ಬಿದ್ದಿರುತ್ವೆ, ಆ ಜಾಡು ಹಿಡ್ದು ಹೋದ್ರೆ ಕಾರ್ನಿಫರ್ ಕೂತಿರ್ತಾನೆ, ಮ್ಯಾಪ್ ಮಾರ್ತಾನೆ, ಅದೂ ಅರ್ಧಂಬರ್ಧ. ನೀವು ನೋಡಿದ್ದು ಅದ್ರಲ್ಲಿ ಸೇರ್ಬೇಕು ಅಂದ್ರೆ ಬೆಂಚ್ ಸಿಕ್ಕಿ ಅಲ್ಲಿ ಕೂರ್ಬೇಕು. ನೀವು ಎಲ್ಲಿದೀರ ಅಂತ ತೋರ್ಸೋ ಕಂಪಾಸ್ ಕೂಡ ಪುಕ್ಕಟೆ ಅಲ್ಲ, ಬೇರೆ ಶಕ್ತಿ ಹಾಕ್ಕೊಳ್ಳೋ ಜಾಗ ಒಂದು ತಿನ್ನುತ್ತೆ. ಕೆಲವರಿಗೆ ಇದು ಸಿಟ್ಟು ಬರ್ಸುತ್ತೆ, ಗೊತ್ತು. ನಂಗೆ ಮಾತ್ರ ಆ ಗುನುಗು ಕೇಳಿದಾಗ ಆಗೋ ನೆಮ್ಮದಿ ಯಾವ ಬಾಣಾನೂ ಕೊಟ್ಟಿಲ್ಲ.

ಡಾರ್ಕ್ ಸೋಲ್ಸ್ (2011) ಬಗ್ಗೆ ಬರೆಯಕ್ಕೆ ಕೂತ್ರೆ ಮುಗಿಯಲ್ಲ, ಅದಕ್ಕೆ ಒಂದೇ: ಚರ್ಚಿನ ಲಿಫ್ಟ್ ಹತ್ತಿ ಕೆಳಗಿಳಿದು, ಅರೆ ಇದು ಶುರು ಮಾಡಿದ ಜಾಗಾನೇ ಅಲ್ವಾ ಅಂತ ಗೊತ್ತಾಗೋ ಕ್ಷಣ. ಅದನ್ನ ಪ್ರೀತಿ ಮಾಡ್ತೀನಿ ಅಂತ ಅದ್ರಲ್ಲಿರೋ ರೆಸಿಸ್ಟೆನ್ಸ್ ಅನ್ನೋ ದಂಡ ಸ್ಟ್ಯಾಟನ್ನ (ಪಾಯಿಂಟ್ ಹಾಕಿ ಏರಿಸ್ಕೊಳ್ಳೋ ಗುಣ) ಕ್ಷಮಿಸಲ್ಲ, ಹೊಸಬರು ಪಾಪ ಪಾಯಿಂಟ್ ಸುರೀತಾರೆ ಅದಕ್ಕೆ. ಹೇಳ್ದೇ ಬಿಡೋದು ಬೇರೆ, ಹಳ್ಳಕ್ಕೆ ತಳ್ಳೋದು ಬೇರೆ.

ಕೊನೇದಾಗಿ ಔಟರ್ ವೈಲ್ಡ್ಸ್ (2019). ಇಪ್ಪತ್ತೆರಡು ನಿಮಿಷಕ್ಕೆ ಸೂರ್ಯ ಸಿಡಿಯುತ್ತೆ, ಮತ್ತೆ ಮೊದಲಿಂದ. ಗನ್ ಇಲ್ಲ, ಲೆವೆಲ್ ಇಲ್ಲ, ನಿಮ್ಮ ಹತ್ರ ಉಳಿಯೋದು ಗೊತ್ತಾಗಿರೋ ವಿಷ್ಯ ಮಾತ್ರ. ಎಲ್ಲಾ ಗೊತ್ತಿದ್ರೆ ಮೊದಲ ಸುತ್ತಲ್ಲೇ ಮುಗಿಸ್ಬಹುದು, ಅದಕ್ಕೇ ಇದನ್ನ ಯಾರಿಗೂ ವಿವರಿಸಕ್ಕಾಗಲ್ಲ, ಹೇಳಿದ್ರೆ ಅವರ ಗೇಮನ್ನ ನೀವೇ ಆಡ್ಬಿಟ್ಟ ಹಾಗೆ. ಕಳೆದ ತಿಂಗಳು ಅಕ್ಕನ ಮಗನಿಗೆ ಹಾಕ್ಕೊಟ್ಟು ಪಕ್ಕದಲ್ಲಿ ಕೂತೆ. ಅವನು ಒಂದು ಗ್ರಹದ ಮೇಲೆ ಇಳಿದು ಗೋಡೆ ಮೇಲಿನ ಬರಹ ಓದ್ತಾ ಇದಾನೆ, ಮುಖ್ಯವಾದ ಸಾಲು ಬಂತು, ಓದಿ ಸುಮ್ನೆ ಮುಂದಕ್ಕೆ ಹೋದ. ನಂಗೆ ನಾಲಿಗೆ ತುದಿಗೆ ಬಂದ್ಬಿಟ್ಟಿದೆ. ತುಟಿ ಕಚ್ಕೊಂಡು ಕೂತೆ. ಅವನು ಬಾಗ್ಲ ತನಕ ಹೋದೋನು ನಿಂತು ನನ್ ಕಡೆ ತಿರುಗಿ ನೋಡ್ದ.

"ಮಾಮಾ, ಅಲ್ಲಿ ಏನೋ ಇತ್ತಲ್ವಾ?"

"ನಂಗೇನ್ ಗೊತ್ತು."

"ಸುಳ್ ಹೇಳ್ಬೇಡ, ನಿನ್ ಮುಖ ನೋಡಿದ್ರೇ ಗೊತ್ತಾಗುತ್ತೆ. ನೀನು ಆ ಕಡೆ ತಿರುಗ್ಕೋ."

ಕುರ್ಚಿ ತಿರುಗಿಸ್ಕೊಂಡು ಗೋಡೆ ನೋಡ್ತಾ ಕೂತೆ. ಹಿಂದಿಂದ ಸೂರ್ಯ ಸಿಡಿಯೋಕೆ ಮುಂಚೆ ಬರೋ ಮ್ಯೂಸಿಕ್ ಶುರುವಾಯ್ತು, ಅವನು "ಇರು ಇರು ಇರು" ಅಂತ ಬಡಬಡಿಸ್ತಾ ಹಡಗಿನ ಕಡೆ ಓಡ್ತಿದ್ದ.