ತೀರ್ಥೋದ್ಭವಕ್ಕೆ ಡೇ ಕಾಲ್‌ಶೀಟ್

ಕೊಡಗಿನ ತಲಕಾವೇರಿಯಲ್ಲಿ ಕುಂಡಿಕೆ ಅನ್ನುವ ಪುಟ್ಟ ಕೊಳದ ನೀರು ಗುಳ್ಳೆಯೆದ್ದು ಉಕ್ಕುವ ತೀರ್ಥೋದ್ಭವವನ್ನು, 2023ರಲ್ಲಿ, ಒಂದು ಡಾಕ್ಯುಮೆಂಟರಿಗೆ ಶೂಟ್ ಮಾಡಲು ಒಪ್ಪಿಕೊಂಡಿದ್ದೆ. ಬೆಂಗಳೂರಿನ ತಂಡದಿಂದ ಬಂದ ಟ್ರೀಟ್‌ಮೆಂಟಿನಲ್ಲಿ, ಅಂದರೆ ಚಿತ್ರ ಹೇಗಿರಬೇಕು ಅನ್ನುವ ಬರಹದಲ್ಲಿ, ‘ಮುಂಜಾವಿನ ಹೊಂಬೆಳಕಿನಲ್ಲಿ ಕಾವೇರಿ ಉಕ್ಕುತ್ತಾಳೆ’ ಅಂತ ಬರೆದಿತ್ತು. ಆ ಸಲದ ಮುಹೂರ್ತ ರಾತ್ರಿ 1:27ಕ್ಕೆ.

ಅವರು ರೆಫರೆನ್ಸ್ ಅಂತ ನೋಡಿದ್ದು 2020ರ ಫೂಟೇಜ್. ಆಗ ಮುಹೂರ್ತ ಬೆಳಗ್ಗೆ ಏಳರ ಹೊತ್ತಿಗಿತ್ತು, ಕೋವಿಡ್ ನಿರ್ಬಂಧದಿಂದ ಜನವೂ ಕಮ್ಮಿ. ಪ್ರತಿ ವರ್ಷ ಹೀಗೇ ಅಂದುಕೊಂಡುಬಿಟ್ಟಿದ್ದಾರೆ. ಮುಹೂರ್ತ ಅಂದರೆ ಸೂರ್ಯ ತುಲಾ ರಾಶಿಗೆ ಕಾಲಿಡುವ ಹೊತ್ತು, ಅದು ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಸರಿಯುತ್ತದೆ. 2021ರಲ್ಲಿ ಮಧ್ಯಾಹ್ನ 1:11, 2022ರಲ್ಲಿ ಸಂಜೆ 7:21, ಆಮೇಲೆ ಈ ನಡುರಾತ್ರಿ, 2024ರಲ್ಲಿ ಮತ್ತೆ ಬೆಳಗ್ಗೆ 7:40. ಹಗಲು, ಸಂಜೆ, ರಾತ್ರಿ, ಬೆಳಗ್ಗೆ ಅಂತ ನಾಲ್ಕು ವರ್ಷಕ್ಕೊಂದು ಸುತ್ತು. ಕೊಡಗಿನಲ್ಲಿ ಕ್ಯಾಮೆರಾ ಹಿಡಿಯುವವನು ಲೈಟಿಂಗ್ ಪ್ಲಾನ್‌ಗೆ ಮೊದಲು ಪಂಚಾಂಗ ತೆರೆಯಬೇಕು. ಇದನ್ನು ಫೋನಿನಲ್ಲಿ ಹೇಳಿದೆ. ‘ಗ್ರೇಡಿಂಗ್‌ನಲ್ಲಿ ನೋಡ್ಕೊಳ್ಳೋಣ ಸರ್’ ಅಂದರು, ಅಂದರೆ ಬಣ್ಣ, ಬೆಳಕನ್ನು ಆಮೇಲೆ ತಿದ್ದುವುದು. ಕತ್ತಲಲ್ಲೂ ಬೆಳಕು ಹಿಡಿಯುವ ಫಾಸ್ಟ್ ಪ್ರೈಮ್ ಲೆನ್ಸ್ ಕೇಳಿದ್ದಕ್ಕೆ ಅಷ್ಟು ಬೆಳಕು ಹಿಡಿಯದ ಎಫ್4 ಝೂಮ್ ಕಳಿಸಿದರು. ರೆಂಟಲ್ ಪ್ಯಾಕೇಜಿನಲ್ಲಿ ಅದೇ ಇತ್ತಂತೆ.

ಬ್ರಹ್ಮಗಿರಿ ತಪ್ಪಲಿನಲ್ಲಿ ಅಕ್ಟೋಬರ್ ರಾತ್ರಿಯ ಮಂಜು ಅಂದರೆ ಅದು ಅಲ್ಲಾಡುತ್ತದೆ, ಬಂದು ಹೋಗುತ್ತದೆ. ಆಟೋಫೋಕಸ್ ಅದನ್ನೇ ಹಿಡಿಯಲು ಹೋಗಿ ಹಿಂದೆ ಮುಂದೆ ತಡಕಾಡುತ್ತದೆ. ಕುಂಡಿಕೆಯ ಅಂಚಿಗೆ ಫೋಕಸ್ ಇಟ್ಟು ಮ್ಯಾನುಯಲ್‌ಗೆ ಹಾಕಿ, ರಿಂಗಿಗೆ ಟೇಪ್ ಅಂಟಿಸಿದೆ. ಇನ್ನೊಂದು ಕಾಟ ಅಲಂಕಾರದ ಎಲ್‌ಇಡಿ ಸರಗಳದ್ದು. ಮಾನಿಟರ್ ತುಂಬಾ ಕಪ್ಪು ಪಟ್ಟಿ ಓಡುತ್ತಿತ್ತು. ಶಟರ್ 1/50 ಸೆಕೆಂಡಿಗೆ ಇಳಿಸಿದ ಮೇಲೆ ಬಹುಪಾಲು ಹೋಯಿತು. ಪ್ಯಾನೆಲ್ ಲೈಟ್ ಹಚ್ಚುವ ಮಾತೇ ಇಲ್ಲ. ಪೂಜೆ ನಡೆಯುವಲ್ಲಿ ಅರ್ಚಕರ ಕಣ್ಣಿಗೆ ಬೆಳಕು ಹೊಡೆಯುವಷ್ಟು ಕೆಟ್ಟವನಲ್ಲ ನಾನು. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸಿದೆ, ಚಿತ್ರದಲ್ಲಿ ಗ್ರೇನ್ ಬಂದರೆ ಬರಲಿ.

ಒಂದು ಗಂಟೆ ದಾಟಿದ ಮೇಲೆ ಜಾಗ ಬಿಟ್ಟು ಕದಲುವ ಹಾಗಿರಲಿಲ್ಲ. ಹಿಂದಿನಿಂದ ಯಾರದ್ದೋ ಬಿಂದಿಗೆ ಬೆನ್ನಿಗೆ ಒತ್ತುತ್ತಿತ್ತು. ‘ಜೈ ಜೈ ಮಾತಾ, ಕಾವೇರಿ ಮಾತಾ’ ಏರುತ್ತಾ ಹೋದ ಹಾಗೆ ನನ್ನ ಆಡಿಯೋ ಮೀಟರ್ ಕೆಂಪಿಗೆ ಹೋಗಿ ಅಲ್ಲೇ ನಿಂತಿತು. ಗೇನ್ ಇಳಿಸಲು ಕೈ ಬಿಟ್ಟರೆ ಫ್ರೇಮ್ ಹೋಗುತ್ತದೆ. ಮುಹೂರ್ತ ಹತ್ತಿರ ಬಂದಾಗ ಎದುರಿನ ಮೊಬೈಲುಗಳೆಲ್ಲ ಒಟ್ಟಿಗೆ ಮೇಲೆದ್ದವು. 2020ರ ಫೂಟೇಜಿನಲ್ಲಿ ಇಲ್ಲದ್ದು ಇದೇ. ಕ್ಯಾಮೆರಾವನ್ನು ತಲೆಯ ಮೇಲೆತ್ತಿ, ಎರಡು ಸ್ಕ್ರೀನುಗಳ ಸಂದಿಯಲ್ಲಿ ಕುಂಕುಮ, ಹೂವು ತೇಲುವ ಚೌಕ ನೀರನ್ನು ಹಿಡಿದೆ. ಮಂಜು ಒಂದರೆಕ್ಷಣ ತೆಳುವಾಯಿತು. ನೀರು ಅಲುಗಿತು, ಕೂಗು ಎದ್ದಿತು, ಅರ್ಚಕರು ತೀರ್ಥ ಎರಚಿದರು.

ಅದು ನೇರ ಬಂದು ಲೆನ್ಸಿನ ಮೇಲೆ ಬಿತ್ತು.

ಅಭ್ಯಾಸ ನೋಡಿ, ಕೈ ತಾನಾಗಿ ಜೇಬಿನ ಬಟ್ಟೆಗೆ ಹೋಯಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮಣಿಕಟ್ಟು ಹಿಡಿದೇ ಬಿಟ್ಟರು. ‘ಎಂಥ ಮಾಡ್ತಿ ಮಾರಾಯ, ಅಮ್ಮನ ತೀರ್ಥ ಅದು, ಒರೆಸ್ತಿಯಾ?’ ಒರೆಸಲಿಲ್ಲ. ರೋಲ್ ನಿಲ್ಲಿಸಲೂ ಇಲ್ಲ. ಮುಂದಿನ ಶಾಟುಗಳಲ್ಲಿ ಪ್ರತಿ ದೀಪವೂ ಹನಿಯೊಳಗೆ ಒಡೆದು ಊದಿಕೊಂಡಿದೆ, ಬಿಂದಿಗೆ ಮುಳುಗಿಸುವ ಕೈಗಳು ಅದರ ಹಿಂದೆ ಮಸುಕು.

ಎಡಿಟ್ ಟೇಬಲ್ಲಿನಿಂದ ಮೊದಲು ಬಂದ ಮೆಸೇಜು: ‘ಲೆನ್ಸ್ ಮೇಲೆ ನೀರಿದೆ, ಟೆಕ್ನಿಕಲ್ ರಿಜೆಕ್ಟ್.’ ಎರಡನೆಯದು: ‘ಗುಳ್ಳೆಯ ಕ್ಲೋಸಪ್ ಇನ್ನೊಂದು ಟೇಕ್ ಇದೆಯಾ?’ ಮುಂದಿನ ಟೇಕ್ 2024ರ ಅಕ್ಟೋಬರಿನಲ್ಲಿ, ಬೆಳಗ್ಗೆ, ನಿಮ್ಮ ಹೊಂಬೆಳಕೂ ಸಿಗಬಹುದು ಅಂತ ಉತ್ತರಿಸಿದೆ. ಕೊನೆಗೆ ಡೈರೆಕ್ಟರ್ ಆ ಹನಿಯ ಶಾಟನ್ನೇ ಉಳಿಸಿಕೊಂಡರು. ಅಕೌಂಟ್ಸ್‌ನವರು ಮಾತ್ರ ನನ್ನ ನೈಟ್ ಬಾಟಾ, ಅಂದರೆ ರಾತ್ರಿ ಕೆಲಸದ ಭತ್ಯೆ, ಹೊಡೆದುಹಾಕಿದರು. ಶೂಟಿನ ದಿನದ ವಿವರ ಬರೆಯುವ ಕಾಲ್‌ಶೀಟಿನಲ್ಲಿ ‘ಡೇ, ಔಟ್‌ಡೋರ್’ ಅಂತಿದೆಯಂತೆ.