ಹಾಸನಾಂಬೆ ಜಾತ್ರೆಯ ವಾರ ನಾನು ತಿರುಗಿಸಿದ ಬೈಪಾಸ್ ವಾಲ್ವ್

ಹಾಸನಾಂಬೆ ಬಾಗಿಲು ತೆಗೆದರೆ ನಮ್ಮೂರಲ್ಲಿ ಪನೀರ್, ಖೋವಾ ಮಾಡುವವರಿಗೆ ನಿದ್ದೆ ಇರೋದಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ. ಬಲಿಪಾಡ್ಯಮಿ ಕಳೆಯುವ ತನಕ ಹೋಟೆಲಿನವರ ಫೋನ್ ನಿಲ್ಲೋದಿಲ್ಲ. ನಾನು ಸಾಲಗಾಮೆ ರಸ್ತೆ ಕಡೆಯ ಒಂದು ಸಣ್ಣ ಪನೀರ್, ತುಪ್ಪದ ಯೂನಿಟ್‌ನಲ್ಲಿ ಯುಟಿಲಿಟಿ ಸೂಪರ್‌ವೈಸರ್. ಬಾಯ್ಲರ್, ಚಿಲ್ಲರ್, ಇಟಿಪಿ (ಕೊಳೆ ನೀರು ಸಂಸ್ಕರಿಸುವ ಘಟಕ) ಮೂರೂ ನನ್ನ ತಲೆ ಮೇಲೆ.

ಇದು ಕೆಲವು ವರ್ಷದ ಹಿಂದಿನ ಮಾತು. ಈಗಲೂ ನೆನೆಸಿಕೊಂಡರೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ ಆಗುತ್ತದೆ.

ದಿನಕ್ಕೆ 3,000 ಲೀಟರ್ ಹಾಲು ಒಡೆಸುತ್ತಿದ್ದ ನಾವು ಆ ವಾರ 6,000 ಲೀಟರ್ ಒಡೆಸಿದೆವು. ಅದರಲ್ಲಿ ಹತ್ತಿರ ಹತ್ತಿರ 5,000 ಲೀಟರ್ ಪನೀರ್ ನೀರೇ ಉಳಿಯುತ್ತದೆ. ದಿನಾ ದನದ ಫಾರಂನವರೊಬ್ಬರು ಟ್ಯಾಂಕರ್ ತಂದು ಅದನ್ನು ತಗೊಂಡು ಹೋಗುತ್ತಿದ್ದರು. ಆ ವಾರ ಅವರ ಮನೆಯಲ್ಲಿ ಏನೋ ಕಾರ್ಯ, ಎರಡು ದಿನ ಬರಲಿಲ್ಲ. ಅದೇ ಹೊತ್ತಿಗೆ ಇಟಿಪಿಗೆ ಗಾಳಿ ಊದುವ ಏರೇಶನ್ ಬ್ಲೋವರ್‌ನ ಬೇರಿಂಗ್ ಹೋಯಿತು. ಇರೋದು ಒಂದೇ ಬ್ಲೋವರ್. ಸ್ಟ್ಯಾಂಡ್‌ಬೈ ಬೇಕು ಅಂತ ಎರಡು ಸಲ ಬರೆದು ಕೊಟ್ಟಿದ್ದೆ. ‘ಮುಂದಿನ ಬಜೆಟ್‌ನಲ್ಲಿ ನೋಡೋಣ’ ಅಂದಿದ್ದರು. ಬೇರಿಂಗ್ ಬೆಂಗಳೂರಿಂದ ಬರಬೇಕು. ಗಾಳಿ ಇಲ್ಲದೆ, ಕೊಳೆ ನೀರು ಮೊದಲು ಸೇರುವ ಈಕ್ವಲೈಸೇಶನ್ ಟ್ಯಾಂಕ್ ಒಂದೇ ದಿನಕ್ಕೆ ಕಪ್ಪಾಯಿತು. ಮೇಲೆ ಬೂದು ಕೆನೆ ಕಟ್ಟಿತು.

ರಾತ್ರಿ ಹನ್ನೊಂದಕ್ಕೆ ಟ್ಯಾಂಕ್ ಅಂಚಿಗೆ ಇನ್ನು ನಾಲ್ಕು ಬೆರಳು ಇತ್ತು. ಒಳಗೆ ಇನ್ನೊಂದು ಬ್ಯಾಚ್ ಒಡೆಯುತ್ತಾ ಇದೆ. ಪ್ರೊಡಕ್ಷನ್ ನಿಲ್ಲಿಸಿ ಅಂದೆ. ಮ್ಯಾನೇಜರ್ ಫೋನಿನಲ್ಲೇ, ‘ಎಲ್ಲರೂ ಯುಜಿಡಿಗೇ ಬಿಡೋದು, ನೀವೊಬ್ಬರು ಯಾಕೆ ಹೆದರ್ತೀರಾ’ ಅಂದರು. ತಪ್ಪನ್ನೆಲ್ಲ ಅವರ ಮೇಲೆ ಹಾಕೋದಿಲ್ಲ. ಟ್ಯಾಂಕಿನ ನೀರನ್ನು ಇಟಿಪಿ ತಪ್ಪಿಸಿ ನೇರ ಯುಜಿಡಿಗೆ, ಅಂದರೆ ಊರಿನ ಒಳಚರಂಡಿಗೆ, ಬಿಡುವ ಬೈಪಾಸ್ ವಾಲ್ವ್ ತಿರುಗಿಸಿದ್ದು ನನ್ನ ಕೈ. ಹಾಲಿನ ನೀರು ತಾನೆ, ವಿಷ ಏನಲ್ಲವಲ್ಲ ಅಂತ ಅಂದುಕೊಂಡೆ. ಬೋರ್‌ವೆಲ್ ನೀರನ್ನು ಸಮಸಮ ಬೆರೆಸಿದರೆ ತೆಳುವಾಗುತ್ತದೆ ಅಂತಲೂ ಲೆಕ್ಕ ಹಾಕಿದೆ. ಬಿಡುವ ಮುಂಚೆ ಪಿಎಚ್ ಸ್ಟ್ರಿಪ್ ಅದ್ದಿ ನೋಡಿದೆ. ನಾಲ್ಕಕ್ಕೂ ಐದಕ್ಕೂ ನಡುವಿನ ಬಣ್ಣ, ಅಂದರೆ ಚೆನ್ನಾಗೇ ಹುಳಿ. ನೋಡಿ ಜೇಬಿಗೆ ಹಾಕಿಕೊಂಡೆ.

ಒಂದೂವರೆ ಗಂಟೆಯಲ್ಲಿ ಟ್ಯಾಂಕ್ ಇಳಿಯಿತು. ನೆಮ್ಮದಿಯಾಯಿತು. ಎರಡು ಗಂಟೆಗೆ ಹಾಲು ಒಡೆಸುವ ವ್ಯಾಟ್‌ಗಳ ಸಿಐಪಿ, ಅಂದರೆ ಬಿಚ್ಚದೆ ಒಳಗೇ ತೊಳೆಯುವ ಕೆಲಸ, ಶುರುವಾಯಿತು. ಮೊದಲ ರಿನ್ಸ್‌ನ ಹಾಲು ನೀರೂ ಅದೇ ಲೈನಿಗೆ ಹೋಯಿತು. ಹುಳಿ ನೀರು ಹರಿದ ಪೈಪಿಗೆ ಹಾಲು ನೀರು ಬಿಟ್ಟರೆ ಏನಾಗುತ್ತದೆ ಅಂತ ಪನೀರ್ ಮಾಡುವವರಿಗೆ ಯಾರಾದರೂ ಹೇಳಿಕೊಡಬೇಕಾ? ಆದರೂ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ಆರೂಕಾಲಿಗೆ ವಾಚ್‌ಮನ್ ಓಡಿ ಬಂದರು. ‘ಸಾರ್, ಕೆಳಗಿನ ತಿರುವಿನಲ್ಲಿ ಮ್ಯಾನ್‌ಹೋಲ್ ಉಕ್ತಾ ಇದೆ. ಬೆಳ್ಳಗೆ ಬರ್ತಿದೆ.’ ಹೋಗಿ ನೋಡಿದರೆ ರಸ್ತೆ ತುಂಬಾ ನೊರೆ. ಪಕ್ಕದ ಮನೆಯ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಹಬ್ಬಕ್ಕೆ ಬಂದಿದ್ದ ನೆಂಟರು ಅವರ ಹಿಂದೆ. ‘ಏನಪ್ಪಾ ಇದು, ನಮ್ಮ ಬಚ್ಚಲಲ್ಲಿ ಹುಳಿ ಮಜ್ಜಿಗೆ ಉಕ್ಕಿ ಬರ್ತಿದೆ’ ಅಂದರು. ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ‘ಹೇಳ್ತೀನಮ್ಮ, ಸರಿ ಮಾಡಿಸ್ತೀನಿ’ ಅಂದೆ. ನಮ್ಮದು ಅಂತ ಹೇಳಲಿಲ್ಲ.

ಯುಜಿಡಿ ಮೇಸ್ತ್ರಿ ಇಬ್ಬರು ಹುಡುಗರನ್ನು ಕರಕೊಂಡು ಬಂದರು. ಪ್ರೆಶರ್ ನೀರು ಬಿಟ್ಟು ಪೈಪ್ ಬಿಡಿಸುವ ಜೆಟ್ಟಿಂಗ್ ಗಾಡಿ ದೇವಸ್ಥಾನದ ಕಡೆ ಸಿಕ್ಕಿಹಾಕಿಕೊಂಡಿತ್ತು. ಎಂಟೂವರೆ ಆಗಬಹುದು ಅಂದರು. ಅಷ್ಟರೊಳಗೆ ಬಿದಿರು ಗಳ ಹಾಕಿ ನೋಡೋಣ ಅಂತ ಕೆಳಗಿನ ಮ್ಯಾನ್‌ಹೋಲ್ ಮುಚ್ಚಳವನ್ನು ಹಾರೆಯಲ್ಲಿ ಎತ್ತಿದರು. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದೆವು. ಹುಡುಗರು ಗಳ ತಿವಿದರು. ಒಳಗೆ ಏನೋ ಮೆತ್ತಗೆ ತಾಗುತ್ತಿದೆ, ಬಿಡುತ್ತಿಲ್ಲ.

ನಾನು ನೋಡುತ್ತಾ ನಿಂತಿದ್ದೆ. ಏನು ಬಿಟ್ಟಿದ್ದೇನೆ ಅಂತ ಗೊತ್ತು. ಹೇಳಿದರೆ ನೋಟಿಸ್ ಬರುತ್ತದೆ, ಓನರ್ ಬೈಯುತ್ತಾರೆ, ಕೆಲಸ ಹೋದರೂ ಹೋಗಬಹುದು. ಗಾಡಿ ಬಂದರೆ ತಾನಾಗಿ ಸರಿಹೋಗುತ್ತದೆ, ಸುಮ್ನೆ ಇದ್ದರಾಯಿತು ಅಂತ ಮನಸ್ಸು ಹೇಳುತ್ತಿತ್ತು. ಹೀಗೆ ಹತ್ತು ನಿಮಿಷ ಹೋಯಿತು. ಆ ಹತ್ತು ನಿಮಿಷವೇ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇಬ್ಬರಲ್ಲಿ ಚಿಕ್ಕ ಹುಡುಗ ಮ್ಯಾನ್‌ಹೋಲ್ ಅಂಚಿಗೆ ಬಗ್ಗಿ, ‘ವಾಸ್ನೆ ಹೋಯ್ತಣ್ಣ, ಈಗೇನಿಲ್ಲ’ ಅಂದ. ಚಪ್ಪಲಿ ಬಿಟ್ಟ. ನೀಲಿ ಹವಾಯಿ ಚಪ್ಪಲಿ, ಒಂದರ ಉಂಗುಷ್ಠಕ್ಕೆ ಪಿನ್ ಚುಚ್ಚಿತ್ತು. ಅಂಚಿನಲ್ಲಿ ಕೂತು ಮೊದಲ ಕಂಬಿ ಮೇಲೆ ಕಾಲಿಟ್ಟ.

ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಅಂತ ಅಲ್ಲ. ನಮ್ಮ ಸೇಫ್ಟಿ ಟ್ರೈನಿಂಗ್‌ನಲ್ಲಿ ತಲೆಗೆ ಹೊಕ್ಕಿದ್ದ ಒಂದೇ ಒಂದು ಮಾತು ಅದು. ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಹೈಡ್ರೋಜನ್ ಸಲ್ಫೈಡ್. ಅದು 1 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಇಲ್ಲದಿದ್ದರೂ ಮೂಗಿಗೆ ಗೊತ್ತಾಗುತ್ತದೆ. 100 ಪಿಪಿಎಂ ದಾಟಿದರೆ ಮೂಗೇ ಸತ್ತುಹೋಗುತ್ತದೆ. ಇನ್ನೂ ಜಾಸ್ತಿಯಾದರೆ ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ಗಾಳಿಗಿಂತ ಭಾರದ ಗ್ಯಾಸ್, ಗುಂಡಿಯ ತಳದಲ್ಲೇ ಕೂತಿರುತ್ತದೆ.

‘ಏ ತಮ್ಮ, ಇಳಿಬೇಡ!’ ಅಂತ ಕಿರುಚಿದೆ. ಓಡಿ ಹೋಗಿ ಅವನ ತೋಳು ಹಿಡಿದು ಎಳೆದೆ. ಆಮೇಲೆ ಮೇಸ್ತ್ರಿಗೆ ಹೇಳಿದೆ. ‘ರಾತ್ರಿ ನಮ್ಮ ಹುಳಿ ನೀರು ಬಿಟ್ಟಿದ್ದೀವಿ. ಸಂಸ್ಕರಣೆ ಮಾಡಿಲ್ಲ. ಒಳಗೆ ಗ್ಯಾಸ್ ಇದೆ.’ ಜೇಬಿನಲ್ಲಿ ಸ್ಟ್ರಿಪ್ ಇನ್ನೂ ಇತ್ತು, ತೆಗೆದು ತೋರಿಸಿದೆ. ಯಾಕೆ ತೋರಿಸಿದೆನೋ ಗೊತ್ತಿಲ್ಲ, ಅವರಿಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ಮೇಸ್ತ್ರಿ ಬೈಯಲಿಲ್ಲ. ಹುಡುಗನನ್ನು ದೂರ ಕೂರಿಸಿದರು. ‘ಮುಚ್ಚಳ ತೆಗೆಯೋಕೆ ಮುಂಚೆನೇ ಹೇಳ್ಬೇಕಿತ್ತಲ್ವಾ ಸಾರ್’ ಅಂದರು. ಅಷ್ಟೇ.

ನಮ್ಮಲ್ಲಿ ಗ್ಯಾಸ್ ಡಿಟೆಕ್ಟರ್ ಇದೆ, ತರುತ್ತೇನೆ ಅಂತ ಫ್ಯಾಕ್ಟರಿಗೆ ಓಡಿದೆ. ಆಡಿಟ್‌ಗೆ ತೋರಿಸಲು ಕೊಂಡಿದ್ದು, ಆಫೀಸ್ ಬೀರುವಿನಲ್ಲಿತ್ತು. ಬೀಗದ ಕೈ ಮ್ಯಾನೇಜರ್ ಹತ್ತಿರ. ಬೀಗ ಒಡೆದೆ. ಬ್ಯಾಟರಿ ಸತ್ತಿತ್ತು. ಜೀವ ಉಳಿಸುವ ಸಾಮಾನನ್ನು ಬೀಗ ಹಾಕಿ ಇಡುವವರನ್ನು ಏನೆನ್ನಬೇಕೋ ನನಗೆ ಗೊತ್ತಾಗೋದಿಲ್ಲ. ಅದನ್ನು ಚಾರ್ಜ್‌ಗೆ ಹಾಕದೆ ಬಿಟ್ಟವರಲ್ಲಿ ನಾನೂ ಒಬ್ಬ.

ಕೊನೆಗೆ ಮೇಲಿನ ಎರಡು, ಕೆಳಗಿನ ಎರಡು ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟೆವು. ಮಕ್ಕಳು ಹತ್ತಿರ ಬರದ ಹಾಗೆ ನಮ್ಮ ಹುಡುಗರನ್ನು ನಿಲ್ಲಿಸಿದೆ. ಜೆಟ್ಟಿಂಗ್ ಗಾಡಿ ಬಂದಾಗ ಒಂಬತ್ತು. ಪ್ರೆಶರ್ ಕೊಟ್ಟ ಮೇಲೆ ಪೈಪಿಂದ ಬಂದಿದ್ದು ಫುಟ್‌ಬಾಲ್ ಗಾತ್ರದ ಉಂಡೆ. ಒಳಗೆ ಹಳೇ ಜಿಡ್ಡು, ಕೂದಲು. ಅದರ ಸುತ್ತ ನಮ್ಮ ಹಾಲು ಒಡೆದು ಗಟ್ಟಿಯಾಗಿ ಅಂಟಿಕೊಂಡಿತ್ತು. ಸಲಿಕೆಯಲ್ಲಿ ಕತ್ತರಿಸಿದರೆ ನಾವು ಮಾರುವ ಪನೀರ್ ಹಾಗೇ ಪದರ ಪದರವಾಗಿ ಬಿಟ್ಟುಕೊಂಡಿತು.

ಆಮೇಲೆ ಆ ಅಮ್ಮನ ಮನೆಗೆ ಹೋಗಿ ನಿಜ ಹೇಳಿದೆ. ಬಚ್ಚಲು ತೊಳೆಸಿಕೊಟ್ಟೆವು. ಅವರು ಎರಡು ಮಾತು ಅಂದರು, ಕೇಳಿಸಿಕೊಂಡೆ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮುಂಚೆಯೇ ಹಾಕಬೇಕಿತ್ತು. ಪಬ್ಲಿಕ್ ಸೀವರ್‌ಗೆ ಬಿಡುವ ನೀರಿಗೆ ಬಿಓಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕ) ಲೀಟರಿಗೆ 350 ಮಿಲಿಗ್ರಾಂ ದಾಟಬಾರದು, ಎಣ್ಣೆ ಜಿಡ್ಡು 20 ದಾಟಬಾರದು, ಪಿಎಚ್ 5.5ರಿಂದ 9ರೊಳಗೆ ಇರಬೇಕು. ಪನೀರ್ ನೀರಿನ ಬಿಓಡಿ 30,000ದ ಆಸುಪಾಸು. ಒಂದು ಲೀಟರಿಗೆ ಒಂದು ಲೀಟರ್ ನೀರು ಬೆರೆಸಿ ನಾನು ಸಮಾಧಾನ ಪಟ್ಟುಕೊಂಡಿದ್ದೆ. ಆ ಮಿತಿಗೆ ಇಳಿಸಲು ಎಂಬತ್ತು ಲೀಟರಿಗಿಂತ ಜಾಸ್ತಿ ಬೇಕು. ಅಷ್ಟು ಬೆರೆಸಿದರೂ ಕೊಳೆ ಕಡಿಮೆ ಆಗೋದಿಲ್ಲ, ಹರಡಿಕೊಳ್ಳುತ್ತದೆ ಅಷ್ಟೇ. 5,000 ಲೀಟರ್ ಅಂದರೆ 150 ಕೆಜಿ ಬಿಓಡಿ. ಒಬ್ಬ ಮನುಷ್ಯನದ್ದು ದಿನಕ್ಕೆ 50 ಗ್ರಾಂ ಅಂತ ಹಿಡಿಯಿರಿ. ಒಂದೂವರೆ ಗಂಟೆಯಲ್ಲಿ 3,000 ಜನರ ಒಂದು ದಿನದ ಕೊಳೆಯನ್ನು ಆ ಪೈಪಿಗೆ ನೂಕಿದ್ದೆ.

ನನಗೆ ಹೊಳೆಯದೇ ಹೋದ ಇನ್ನೊಂದು ವಿಷಯ ಹುಳಿಯದ್ದು. ಚರಂಡಿ ಲೈನಿನ ಕೆಸರಿನಲ್ಲಿ ಸಲ್ಫೈಡ್ ಯಾವಾಗಲೂ ಇರುತ್ತದೆ. ಪಿಎಚ್ 7ರಲ್ಲಿ ಅದರ ಅರ್ಧದಷ್ಟು ನೀರಲ್ಲೇ ಕರಗಿ ಉಳಿಯುತ್ತದೆ, ಗ್ಯಾಸ್ ರೂಪಕ್ಕೆ ಬರೋದಿಲ್ಲ. ಪಿಎಚ್ 5ಕ್ಕೆ ಇಳಿದರೆ ಹೆಚ್ಚುಕಡಿಮೆ ಪೂರ್ತಿ ಗ್ಯಾಸ್ ರೂಪಕ್ಕೆ ಬಂದು ಮೇಲೇಳಲು ತಯಾರಾಗಿರುತ್ತದೆ. ಅಂದರೆ ನಾನು ಬಿಟ್ಟಿದ್ದು ಬರೀ ಹಾಲಿನ ನೀರಲ್ಲ. ಬೆಳಿಗ್ಗೆ ಮುಚ್ಚಳ ತೆಗೆಯುವವನಿಗೆ ಅಲ್ಲಿ ಗ್ಯಾಸ್ ತಯಾರು ಮಾಡಿ ಇಟ್ಟಿದ್ದೆ.

ಸುರಕ್ಷತಾ ಸಲಕರಣೆ ಇಲ್ಲದೆ ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬಾರದು ಅಂತ ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಹೇಳುತ್ತದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಸುದ್ದಿ ಓದಿದ ದಿನ ನನ್ನ ಕಣ್ಣ ಮುಂದೆ ಬಂದಿದ್ದು ಆ ಪಿನ್ ಚುಚ್ಚಿದ ಚಪ್ಪಲಿ.

ಓನರ್ ಕೂಗಾಡಿದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಬೈಪಾಸ್ ಪೈಪ್ ಕತ್ತರಿಸಿ, ಬಾಯಿ ಮುಚ್ಚುವ ಡಮ್ಮಿ ಹಾಕಿಸಿದೆ. ಪನೀರ್ ನೀರಿಗೆ ಬೇರೆ ಟ್ಯಾಂಕ್ ಬಂತು, ಇನ್ನೊಬ್ಬ ಫಾರಂನವರನ್ನೂ ಗೊತ್ತು ಮಾಡಿದೆವು. ಮೊದಲ ರಿನ್ಸ್ ಈಗ ಆ ಟ್ಯಾಂಕಿಗೇ ಹೋಗುತ್ತದೆ. ಗ್ರೀಸ್ ಟ್ರ್ಯಾಪ್ ಪ್ರತಿ ಶನಿವಾರ ನನ್ನ ಕಣ್ಣೆದುರೇ ತೆಗೆಸುತ್ತೇನೆ. ಡಿಟೆಕ್ಟರ್ ಗೇಟ್ ಪಕ್ಕದ ಗೋಡೆಯಲ್ಲಿ ಚಾರ್ಜ್ ಆಗುತ್ತಾ ನೇತಾಡುತ್ತಿದೆ, ಬೀಗ ಇಲ್ಲ.

ಮೇಸ್ತ್ರಿ ನಂಬರ್ ನನ್ನ ಫೋನಿನಲ್ಲಿದೆ. ಪ್ರತಿ ವರ್ಷ ಜಾತ್ರೆಗೆ ಎರಡು ದಿನ ಮುಂಚೆ ನಾನೇ ಮಾಡುತ್ತೇನೆ. ಎಷ್ಟು ಹಾಲು ಬರುತ್ತದೆ, ಟ್ಯಾಂಕರ್ ಯಾವಾಗ ಬರುತ್ತದೆ, ಪ್ಲಾಂಟ್ ಹೇಗೆ ನಡೆಯುತ್ತಿದೆ, ಎಲ್ಲ ಹೇಳುತ್ತೇನೆ. ಹೋದ ಸಲ ಅವರು, ‘ಬ್ಲೋವರ್ ಎರಡಾಯ್ತಾ ಸಾರ್?’ ಅಂತ ಕೇಳಿದರು. ಇನ್ನೂ ಒಂದೇ ಇದೆ, ಕೊಟೇಶನ್ ಪರ್ಚೇಸ್ ಟೇಬಲ್ ಮೇಲಿದೆ ಅಂದೆ. ‘ಹಾಗಾದ್ರೆ ಅದು ಕೆಟ್ಟ ದಿನ ಫೋನ್ ಮಾಡಿ, ಎಷ್ಟೊತ್ತಾದ್ರೂ ಪರವಾಗಿಲ್ಲ’ ಅಂದರು.